ಎಲ್ಲೆ ಮೀರಿದ ವಕೀಲರು

ಗೂಸ್‌ಬೆರಿಯ ಮುಳ್ಳುಪೊದೆಯಿಂದ ಕಾಯಿ ಕೀಳಲೆಂದು ಬೆಳಿಗ್ಗೆ ಮನೆಮುಂದಿನ ತೋಟಕ್ಕೆ ಹೋದ ಮನೆಗೆಲಸದ ಮಿಸೆಸ್ ಟ್ರಂಡಲ್, ಒಂದು ಕಾಯಿಯನ್ನೂ ಕೀಳದೆ, ಮುಖ ಊದಿಸಿಕೊಂಡು ಒಳಗೆ ಬಂದರು. ವಕೀಲ ಆಂಬ್ರೋಸ್ ಪೆನ್‌ಫೋಲ್ಡರು ಊಟದ ಮೇಜಿನ ಮುಂದೆ ಕೂತು ಬೇಯಿಸಿದ ಮೊಟ್ಟೆಯ ತಲೆ ಒಡೆಯುತ್ತಿದ್ದರು.

"ನಾನು ಇನ್ನೂ ಸತ್ತಿಲ್ಲ, ಯಜಮಾನ್ರೇ," ಎಂದರು ಮಿಸೆಸ್ ಟ್ರಂಡಲ್.

"ಕಾಣ್ತಾ ಇದೆಯಲ್ಲ, ಮಿಸೆಸ್ ಟ್ರಂಡಲ್. ಮೊಟ್ಟೆ ಸ್ವಲ್ಪ ಗಟ್ಟಿಯಾಯ್ತು."

"ಕಾಣ್ತಾ ಇದ್ರೂ ನನ್ನ ಗೋರಿಕಲ್ಲು ಕೆತ್ತಿಸಿ ಪೊದೆ ಕೆಳಗೆ ಬಚ್ಚಿಟ್ಟಿದೀರಲ್ಲ! ಹೊಸ ಯಜಮಾನ್ತಿ ಶನಿವಾರ ಬರ್ತಾರೆ, ಹಳೇ ಮುದುಕಿ ಭಾನುವಾರ ಹೋಗ್ಲಿ ಅಂತಾನಾ? ಸಿ ಅಂದ್ರೆ ಕ್ಯಾರೊಲಿನ್. ಟಿ ಅಂದ್ರೆ ಟ್ರಂಡಲ್. ನಂಗೂ ಓದೋಕೆ ಬರುತ್ತೆ."

ವಕೀಲರ ಕೈಯಿಂದ ಚಮಚ ಜಾರಿತು. ಕುತ್ತಿಗೆಗೆ ಕಟ್ಟಿಕೊಂಡ ಬಟ್ಟೆಯನ್ನೂ ಬಿಚ್ಚದೆ ಹೊರಗೆ ಓಡಿ, ಪೊದೆಯ ಮುಂದೆ ಮಂಡಿಯೂರಿ, ಮುಳ್ಳುಗಳ ನಡುವೆ ತಲೆ ತೂರಿಸಿದರು. ಕಲ್ಲು ಅಲ್ಲಿತ್ತು. ಮೊಣಕಾಲೆತ್ತರ, ಪಾಚಿ ಹತ್ತಿದ ಮೈ. ಬೀದಿಯ ಕಡೆಯ ಮುಖದಲ್ಲಿ ಟಿ. ಮನೆಯ ಕಡೆಯ ಮುಖದಲ್ಲಿ ಸಿ.

ಪೆನ್‌ಫೋಲ್ಡರು ಹೊಟ್ಟೆಪಾಡಿಗೆ ವಕೀಲರು, ಉಳಿದ ಹೊತ್ತಿಗೆಲ್ಲ ಹಳೆಯದರ ಹುಚ್ಚರು. ಉಯಿಲು ಬರೆಸಲು ಬಂದವರಿಗೆ ಅವರ ಮುತ್ತಾತ ಯಾರ ಹಂದಿ ಕದ್ದಿದ್ದ ಎಂದು ಹೇಳಿ ಕಳಿಸುತ್ತಿದ್ದರು. ನಮ್ಮೂರು ಟಾಲ್‌ಬಿಯಲ್ಲಿ ಒಂದು ಗಂಟೆಯೂ, ಒಂದು ಗೋರಿಯೂ, ಒಂದು ಹಾಳುಗೋಡೆಯೂ ಅವರ ಕೈಯಿಂದ ತಪ್ಪಿಸಿಕೊಂಡಿರಲಿಲ್ಲ. ತಪ್ಪಿಸಿಕೊಂಡದ್ದು ಒಂದೇ: ನಮ್ಮ ಚರ್ಚಿನ ಸೀಮೆಗೂ ಪಕ್ಕದ ಕ್ರಾಕ್ಸ್‌ಡನ್ ಚರ್ಚಿನ ಸೀಮೆಗೂ ನಡುವಿನ ಕೊನೆಯ ಎಲ್ಲೆಕಲ್ಲು. ಅದು ತಮ್ಮ ಮನೆಯ ಹಿಂದಿನ ತೊರೆಯಲ್ಲಿ ಮುಳುಗಿಹೋಗಿದೆಯೆಂದು ಅವರು ಪುರಾತತ್ವ ಸಂಘದಲ್ಲಿ ದೀರ್ಘವಾಗಿ ವಾದಿಸಿದ್ದರು. ಔಷಧಿ ಅಂಗಡಿಯ ಸ್ಕ್ರಿವೆನ್ ಒಬ್ಬನೇ ಒಪ್ಪಿರಲಿಲ್ಲ. ಆತನಿಗೂ ಅದೇ ಹುಚ್ಚು.

ಈಗ ಕಲ್ಲು ಸಿಕ್ಕಿತ್ತು. ಸಿಕ್ಕಬಾರದ ಕಡೆ ಸಿಕ್ಕಿತ್ತು. ಟಿ ಎಂದರೆ ಟಾಲ್‌ಬಿ, ಸಿ ಎಂದರೆ ಕ್ರಾಕ್ಸ್‌ಡನ್. ಎಂದಮೇಲೆ ಬೀದಿ ಟಾಲ್‌ಬಿಯದು, ಮನೆ ಕ್ರಾಕ್ಸ್‌ಡನ್ನಿನದು. ವಕೀಲರು ಇಷ್ಟು ವರ್ಷ ಕ್ರಾಕ್ಸ್‌ಡನ್ನಿನಲ್ಲಿ ನಿದ್ದೆ ಮಾಡಿ ಟಾಲ್‌ಬಿಯಲ್ಲಿ ಎಚ್ಚರವಾಗಿದ್ದರು.

ಬೇರೆ ಯಾವ ವಾರವಾದರೂ ಅವರು ಆ ಕಲ್ಲನ್ನು ತಬ್ಬಿಕೊಂಡು ಕುಣಿಯುತ್ತಿದ್ದರು. ಆದರೆ ಶನಿವಾರ ಅವರಿಗೂ ಟಾಲ್‌ಬಿಯ ಹೆಸ್ಟರ್ ಆಪಲ್‌ಗಾರ್ತ್‌ಗೂ ಮದುವೆ. ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಗಂಡು ಹೆಣ್ಣಿನ ಹೆಸರು ಕೂಗಬೇಕು. ಇಬ್ಬರೂ ಒಂದೇ ಸೀಮೆಯವರಾದರೆ ಒಂದು ಚರ್ಚು ಸಾಕು, ಬೇರೆ ಬೇರೆಯಾದರೆ ಎರಡೂ ಕಡೆ ಕೂಗಬೇಕು. ಇವರ ಹೆಸರು ಕೂಗಿದ್ದು ಟಾಲ್‌ಬಿಯಲ್ಲಿ ಮಾತ್ರ. ಗೊತ್ತಿಲ್ಲದೆ ತಪ್ಪಾದರೆ ಕಾನೂನು ಕಣ್ಣು ಮುಚ್ಚಿಕೊಳ್ಳುತ್ತದೆ. ಗೊತ್ತಿದ್ದೂ ಮಾಡಿಕೊಂಡರೆ ಅದು ಮದುವೆಯೇ ಅಲ್ಲ. ಮೊಟ್ಟೆಯ ತಲೆ ಒಡೆಯುವವರೆಗೂ ಪೆನ್‌ಫೋಲ್ಡರಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿಬಿಟ್ಟಿತ್ತು.

ಬಿಷಪ್ಪರಿಂದ ಪರವಾನಗಿ ತಂದರೆ ಕೂಗೇ ಬೇಕಿಲ್ಲ. ಆದರೆ ಹೆಸ್ಟರ್ ಅದಕ್ಕೆ ಮೊದಲೇ ಒಪ್ಪಿರಲಿಲ್ಲ. "ಹನ್ನೊಂದು ವರ್ಷ ಊರೆಲ್ಲ ಪಿಸುಪಿಸು ಅಂದಿದೆ. ಈಗ ಒಂದ್ಸಲ ಜೋರಾಗಿ ಕೂಗ್ಲಿ," ಎಂದಿದ್ದರು. ಹನ್ನೊಂದು ವರ್ಷವೂ ಪೆನ್‌ಫೋಲ್ಡರೇ ಮುಂದೂಡಿದ್ದು. ಒಮ್ಮೆ ಚರ್ಚಿನ ಗಂಟೆಯ ಇತಿಹಾಸ ಮುಗಿಯಲಿ ಎಂದು, ಒಮ್ಮೆ ರೋಮನ್ನರ ಚರಂಡಿ ಅಗೆದಾಗಲಿ ಎಂದು. ಕೊನೆಗೆ ಹೂಂ ಎನ್ನುವಾಗ ಹೆಸ್ಟರ್ ಒಂದು ಮಾತು ಹೇಳಿದ್ದರು. "ಆಂಬ್ರೋಸ್, ಇನ್ನೊಂದು ಹಳೇ ಕಲ್ಲು ನಮ್ಮಿಬ್ಬರ ಮಧ್ಯೆ ಬಂದ್ರೆ ನಾನು ಸ್ಕಾರ್‌ಬರೋದಲ್ಲಿರೋ ಅಕ್ಕನ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ."

ಮುಳ್ಳಿನ ನಡುವೆ ತಲೆ ಇಟ್ಟುಕೊಂಡೇ ವಕೀಲರು ಆ ಹಳೇ ಕಲ್ಲನ್ನು ನೋಡಿದರು.

ಇಷ್ಟಾದರೂ ಕಲ್ಲನ್ನು ಮುಚ್ಚಿ ಸುಮ್ಮನಿರಬಹುದಿತ್ತು. ಅದಕ್ಕೂ ಅಡ್ಡಿ ಅವರೇ. ಅವತ್ತು ಏಸುವಿನ ಸ್ವರ್ಗಾರೋಹಣದ ಹಬ್ಬದ ಗುರುವಾರ. ಆ ದಿನ ಹಿಂದಿನವರು ಎಲ್ಲೆ ಬಡಿಯುತ್ತಿದ್ದರು. ಊರಿಗೆ ಊರೇ ಸುಲಿದ ಬಿಳಿಕೋಲು ಹಿಡಿದು ಸೀಮೆಯ ಸುತ್ತ ನಡೆದು, ಪ್ರತಿ ಎಲ್ಲೆಕಲ್ಲಿಗೂ ಬಡಿದು ಕೂಗು ಹಾಕುವ ಪದ್ಧತಿ. ಜನ ಅದನ್ನು ಮರೆತು ನೆಮ್ಮದಿಯಾಗಿದ್ದರು. ಪೆನ್‌ಫೋಲ್ಡರು ಮನೆಮನೆಗೆ ಹೋಗಿ ನೆನಪಿಸಿ, ಪಾದ್ರಿಗಳನ್ನು ಕಾಡಿ, ಈ ವರ್ಷ ಮತ್ತೆ ಶುರು ಮಾಡಿಸಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಇಡೀ ಟಾಲ್‌ಬಿ ಕೋಲು ಹಿಡಿದು ಆ ಕಲ್ಲನ್ನೇ ಹುಡುಕಿಕೊಂಡು ಬರಲಿತ್ತು, ಅವರದೇ ಮುಂದಾಳ್ತನದಲ್ಲಿ.

ಅವರು ಬಟ್ಟೆ ಒಗೆಯುವ ಮರದ ಬಾನಿಯನ್ನು ಎಳೆದು ತಂದು ಕಲ್ಲಿನ ಮೇಲೆ ಕವುಚಿದರು.

"ಮಿಸೆಸ್ ಟ್ರಂಡಲ್, ಇದರ ಮೇಲೆ ಕೂತ್ಕೊಳ್ಳಿ. ನಾನು ಬರೋವರೆಗೂ ಏಳ್ಬೇಡಿ."

"ನನ್ನ ಗೋರಿ ಮೇಲೆ ನಾನೇ ಕೂತ್ಕೋಬೇಕಾ?"

"ಅದು ಗೋರಿಕಲ್ಲಲ್ಲ!"

"ಮತ್ತೇನು?"

ಹುಟ್ಟಿದಾಗಿನಿಂದ ವಕೀಲರಿಗೆ ಒಂದು ಕಲ್ಲಿನ ಬಗ್ಗೆ ಮಾತು ಸಿಗದಿದ್ದದ್ದು ಅದೇ ಮೊದಲು. "ನೀವು ಸಾಯೋವರೆಗೂ ಈ ಮನೇಲೇ ಇರ್ತೀರಿ, ಮಿಸೆಸ್ ಟ್ರಂಡಲ್. ನಾನು ಮಾತು ಕೊಡ್ತೀನಿ," ಎಂದು ಸಮಾಧಾನ ಹೇಳಿ ಟೋಪಿ ಹುಡುಕಲು ಓಡಿದರು.

"ನೋಡಿದ್ರಾ," ಎಂದರು ಮಿಸೆಸ್ ಟ್ರಂಡಲ್, ಬೇಲಿಯಾಚೆ ಬ್ರೆಡ್ಡಿನ ಬುಟ್ಟಿ ಹಿಡಿದು ನಿಂತಿದ್ದ ಮಿಸೆಸ್ ಪಾಕ್‌ಲಿಂಗ್‌ಟನ್‌ಗೆ. "ನಾನು ಸಾಯೋ ದಿನವನ್ನೂ ಗೊತ್ತು ಮಾಡಿದಾರೆ ಅಂತ ಕಾಣುತ್ತೆ."

ಮಿಸೆಸ್ ಪಾಕ್‌ಲಿಂಗ್‌ಟನ್ ಬೇಕರಿಯವರ ಹೆಂಡತಿ. ಅವರ ಕಿವಿಗೆ ಬಿದ್ದದ್ದು ಬ್ರೆಡ್ಡಿನ ಜೊತೆ ಬಿಸಿಬಿಸಿಯಾಗಿಯೇ ಮನೆಮನೆ ಮುಟ್ಟುತ್ತಿತ್ತು.

ಮೆರವಣಿಗೆ ಚರ್ಚಿನ ಬಾಗಿಲಿನಿಂದ ಹೊರಟಿತು. ಮುಂದೆ ಪಾದ್ರಿ ವೆದರ್‌ಹೆಡ್ಡರು, ಅವರ ಪಕ್ಕ ಪೆನ್‌ಫೋಲ್ಡರು, ಹಿಂದೆ ಸ್ಕ್ರಿವೆನ್, ಅವನ ಹಿಂದೆ ಊರು. ಮೊದಲ ಕೆಲವು ಕಲ್ಲುಗಳು ಸುಸೂತ್ರವಾಗಿ ಬಡಿಸಿಕೊಂಡವು. ಆಮೇಲೆ ಬಟ್ಟೆ ಅಂಗಡಿ ಬಂತು. ಯಾರೋ ಹಿಂದೆ ಅದನ್ನು ಎಲ್ಲೆಯ ಮೇಲೆಯೇ ಕಟ್ಟಿಬಿಟ್ಟಿದ್ದರು.

"ಬಾಗಿಲಿಂದ ಹೋಗಿ ಹಿಂದ್ಗಡೆ ಬರೋಣ," ಎಂದರು ಪಾದ್ರಿಗಳು.

"ಎಲ್ಲಾದ್ರೂ ಉಂಟೇ ಪಾದ್ರಿಗಳೇ," ಎಂದ ಸ್ಕ್ರಿವೆನ್ ನಯವಾಗಿ. "ಪೆನ್‌ಫೋಲ್ಡ್ ಅವ್ರು ಹೋದ ವಾರ ಏನಂದ್ರು? ಎಲ್ಲೆ ಅಂದ್ರೆ ಎಲ್ಲೆ, ಒಂದು ಗೇಣು ಆಚೆ ಹೋದ್ರೂ ಅದು ಬರೀ ವಾಯುವಿಹಾರ ಅಂತ. ಅಲ್ವೇನ್ರೀ?"

ಪೆನ್‌ಫೋಲ್ಡರು ಕ್ಷೀಣವಾಗಿ ಹೌದೆಂದರು. ಎಲ್ಲೆ ಸಾಗುವುದು ಕಿಟಕಿಯ ಮೂಲಕ. ತೆಳ್ಳಗಿನವರೆಲ್ಲ ದಾಟಿದರು. ಪಾದ್ರಿಗಳದು ತುಂಬು ಮೈಕಟ್ಟು. ಅರ್ಧ ದಾಟಿ, ಬಾಟಲಿಯ ಬಾಯಿಗೆ ಜಡಿದ ಬಿರಡೆಯ ಹಾಗೆ ನಿಂತುಬಿಟ್ಟರು. ಒಳಗಿನಿಂದ ಅಂಗಡಿಯವನು ಎಳೆದ, ಹೊರಗಿನಿಂದ ವಕೀಲರು ತಳ್ಳಿದರು. ಈ ಸ್ಥಿತಿಯಲ್ಲಿರುವಾಗಲೇ ಮಿಸೆಸ್ ಪಾಕ್‌ಲಿಂಗ್‌ಟನ್ ಅಂಗಡಿಯೊಳಗೆ ಬಂದು ಪಾದ್ರಿಗಳ ಕಿವಿಯಲ್ಲಿ ಏನೋ ಹೇಳಿದರು.

"ಪೆನ್‌ಫೋಲ್ಡ್!" ಎಂದು ಕಿಟಕಿಯ ಆ ಬದಿಯಿಂದ ಪಾದ್ರಿಗಳ ದನಿ ಬಂತು. ಈ ಬದಿಯಲ್ಲಿ ವಕೀಲರ ಪಾಲಿಗಿದ್ದದ್ದು ಅವರ ಹಿಂಭಾಗ ಮಾತ್ರ. "ಏನ್ರೀ ಇದು? ಬದುಕಿರೋ ಹೆಂಗಸಿಗೆ ಗೋರಿಕಲ್ಲು ನಿಲ್ಸಿದೀರಂತೆ?"

"ಇಲ್ಲ ಪಾದ್ರಿಗಳೇ, ಅದು... ಅದು ಚೀಸ್ ಒತ್ತೋ ಕಲ್ಲು!"

"ನೀವು ಚೀಸ್ ಮಾಡೋದು ಯಾವಾಗ ಶುರು ಮಾಡಿದ್ರಿ?" ಎಂದ ಸ್ಕ್ರಿವೆನ್.

"ಮದುವೆ ಆಗ್ತಿದೀನಲ್ಲ," ಎಂದರು ವಕೀಲರು. ಕೇಳಿದವರಿಗೂ ಅರ್ಥವಾಗಲಿಲ್ಲ, ಹೇಳಿದವರಿಗೂ ಆಗಲಿಲ್ಲ.

"ಮೇಲೆ ಅಕ್ಷರ ಇದೆಯಂತಲ್ಲ," ಎಂದು ಸ್ಕ್ರಿವೆನ್ ಮೂಗು ಮೇಲೆತ್ತಿದ. ಮೊಲದ ವಾಸನೆ ಹಿಡಿದ ನಾಯಿಯದೇ ನಿಲುವು. "ಹಳೇ ಅಕ್ಷರವೋ, ಹೊಸದೋ?"

ಪಾದ್ರಿಗಳು ಫಟ್ಟೆಂದು ಒಳಗೆ ಬಿದ್ದದ್ದರಿಂದ ಆ ಪ್ರಶ್ನೆ ಅಲ್ಲಿಗೆ ನಿಂತಿತು. ಆದರೆ ಮೆರವಣಿಗೆಯ ಹುರುಪು ಬದಲಾಗಿತ್ತು. ಎಲ್ಲೆಕಲ್ಲು ಯಾರಿಗೂ ಬೇಕಿರಲಿಲ್ಲ, ಗೋರಿಕಲ್ಲು ಎಲ್ಲರಿಗೂ ಬೇಕಿತ್ತು. ನಡಿಗೆ ಚುರುಕಾಯಿತು. ವಕೀಲರು ಪ್ರತಿ ಕಲ್ಲಿನ ಬಳಿಯೂ ನಿಂತು ಅದರ ಚರಿತ್ರೆ ಹೇಳತೊಡಗಿದರು. ಒಂದು ಕಲ್ಲಿನ ಬಳಿ ಲ್ಯಾಟಿನ್ನಿನಲ್ಲೂ ಹೇಳಿದರು. ಜನ ಅವರನ್ನು ಅಲ್ಲಿಯೇ ಬಿಟ್ಟು ಮುಂದೆ ಹೋದರು.

ಅವರು ಏದುಸಿರು ಬಿಡುತ್ತ ತಮ್ಮ ಗೇಟು ತಲುಪುವಷ್ಟರಲ್ಲಿ ತೋಟದ ತುಂಬ ಜನ. ನಡುವೆ ಬಾನಿಯ ಮೇಲೆ ಮಿಸೆಸ್ ಟ್ರಂಡಲ್, ಕೈಯಲ್ಲಿ ಟೀ ಬಟ್ಟಲು, ತಲೆಗೆ ಭಾನುವಾರದ ಟೋಪಿ. ಬೆಳಗಿನ ಸಿಟ್ಟು ಎಲ್ಲೋ ಆರಿಹೋಗಿತ್ತು. ಸುತ್ತ ನಿಂತವರು ಒಬ್ಬೊಬ್ಬರಾಗಿ ಅವರ ಕೈ ಹಿಡಿದು ಸಮಾಧಾನ ಹೇಳುತ್ತಿದ್ದರು, ಅವರು ರಾಣಿಯ ಹಾಗೆ ಸ್ವೀಕರಿಸುತ್ತಿದ್ದರು.

"ಸ್ವಲ್ಪ ಏಳ್ತೀರಾ, ಮಿಸೆಸ್ ಟ್ರಂಡಲ್?" ಎಂದ ಸ್ಕ್ರಿವೆನ್. "ಒಂದೇ ಒಂದು ಸಲ ನೋಡಿ ಬಿಡ್ತೀನಿ."

ಪೆನ್‌ಫೋಲ್ಡರು ಗೇಟಿನ ಕಂಬ ಹಿಡಿದುಕೊಂಡರು.

"ಏಳಲ್ಲ," ಎಂದರು ಮಿಸೆಸ್ ಟ್ರಂಡಲ್.

"ಯಾಕೆ?"

"ನನ್ನ ಕಲ್ಲು. ನಿಮ್ಮ ಕಲ್ಲಾದಾಗ ನೀವು ತೋರಿಸ್ಕೊಳ್ಳಿ. ಸ್ಕ್ರಿವೆನ್ ಅವ್ರೇ, ಈ ಊರಲ್ಲಿ ಉಸಿರಿರೋವಾಗ್ಲೇ ಗೋರಿಕಲ್ಲು ಸಿಕ್ಕಿರೋದು ನನಗೊಬ್ಬಳಿಗೇ. ಪಾದ್ರಿಗಳಿಗೂ ಇಲ್ಲ. ನನ್ನ ಯಜಮಾನ್ರು ಮುಂದಾಲೋಚನೆ ಮಾಡಿ ಮಾಡ್ಸಿದಾರೆ. ನಿಮ್ಮನೆ ಕೆಲಸದೋಳಿಗೆ ನೀವೇನ್ ಮಾಡ್ಸಿದೀರಿ?"

ಸ್ಕ್ರಿವೆನ್ ಹಿಂದಕ್ಕೆ ಸರಿದ. ವಕೀಲರಿಗೆ ಆಕೆಯ ಟೋಪಿಗೆ ಮುತ್ತಿಡಬೇಕೆನಿಸಿತು. "ಬನ್ನಿ, ಬನ್ನಿ, ಕೊನೇ ಎಲ್ಲೆ ಹಿಂದ್ಗಡೆ ತೊರೇಲಿದೆ," ಎಂದು ಎಲ್ಲರನ್ನೂ ಮನೆಯ ಪಕ್ಕದಿಂದ ಹಿತ್ತಲಿಗೆ ಅಟ್ಟಿದರು. ತೊರೆಯ ದಡದಲ್ಲಿ ನಿಂತು ಕೋಲು ಎತ್ತಿ, "ಕಲ್ಲು ಕೊಚ್ಚಿಹೋಗಿದೆ. ಆದ್ರೆ ತೊರೆಯೇ ಎಲ್ಲೆ! ಬಡೀರಿ!" ಎಂದು ನೀರಿಗೆ ಬಡಿದರು. ನೀರು ಅವರ ಮುಖಕ್ಕೇ ಹಾರಿತು.

"ಯಾವನಯ್ಯಾ ಅವ್ನು ನಮ್ಮ ಹಿತ್ತಲಲ್ಲಿ ನಿಂತು ನೀರಿಗೆ ಹೊಡೀತಿರೋನು?"

ಆಚೆ ದಡದಲ್ಲಿ ಕ್ರಾಕ್ಸ್‌ಡನ್ ನಿಂತಿತ್ತು. ಅವರ ಕೈಯಲ್ಲೂ ಬಿಳಿಕೋಲು. ಟಾಲ್‌ಬಿ ಏನು ಮಾಡಿದರೂ ಕ್ರಾಕ್ಸ್‌ಡನ್ ಅದನ್ನೇ ಮಾಡುತ್ತದೆಂಬುದನ್ನು ಪೆನ್‌ಫೋಲ್ಡರು ಮರೆತಿದ್ದರು. ಎಲ್ಲರ ಮುಂದೆ, ಬಾಗಿಲಿನಷ್ಟು ಅಗಲದ ಎದೆಯುಳ್ಳ ರೈತ, ಅವರ ಚರ್ಚಿನ ಮುಖಂಡ ಜೋಬ್ ಹಾಡ್‌ಲಿ.

"ಇದು ಟಾಲ್‌ಬಿ, ಹಾಡ್‌ಲಿ!" ಎಂದರು ವಕೀಲರು.

"ತೊರೆಯಿಂದ ನಿಮ್ಮ ಬೀದಿವರ್ಗೂ ನಮ್ದು. ನಮ್ಮಜ್ಜ ನಿಮ್ಮ ಬೀದಿ ಅಂಚಿಗೇ ಬಡೀತಿದ್ದ. ನಿಮ್ಮ ಮನೇನೂ ನಮ್ದೇ, ವಕೀಲ್ರೇ. ನಮ್ಮ ಪಾದ್ರಿನೂ ಹಾಗೇ ಅಂತಾರೆ."

"ಬಾ, ತಗೊಂಡ್ಹೋಗು!" ಎಂದು ಟಾಲ್‌ಬಿಯ ಗುಂಪಿನಿಂದ ಯಾರೋ ಕೂಗಿದರು. ಅದುವರೆಗೆ ಟಾಲ್‌ಬಿಯ ಯಾರಿಗೂ ಪೆನ್‌ಫೋಲ್ಡರ ಮನೆ ಬೇಕಿರಲಿಲ್ಲ. ಕ್ರಾಕ್ಸ್‌ಡನ್‌ಗೆ ಬೇಕು ಎಂದಕೂಡಲೇ ಎಲ್ಲರಿಗೂ ಬೇಕಾಯಿತು. ಆ ಕಡೆಯಿಂದ ಒಂದು ಕೆಸರಿನ ಹೆಂಟೆ ಹಾರಿ ಬಂದು ಸ್ಕ್ರಿವೆನ್‌ನ ಕನ್ನಡಕಕ್ಕೆ ಅಂಟಿತು. ಈ ಕಡೆಯಿಂದ ಎರಡು ಹೋದವು. ಪಾದ್ರಿ ವೆದರ್‌ಹೆಡ್ಡರು ಶಾಂತಿ ಶಾಂತಿ ಎಂದು ಕೈ ಎತ್ತಿ ಮುಂದೆ ಹೋಗಿ, ದಡ ಜಾರಿ, ಸೊಂಟದವರೆಗೆ ನೀರಿಗಿಳಿದರು.

"ಪೆನ್‌ಫೋಲ್ಡ್! ವಕೀಲರಲ್ವೇನ್ರೀ ನೀವು? ಏನಾದ್ರೂ ಮಾಡಿ!"

ಪೆನ್‌ಫೋಲ್ಡರು ತೊರೆಯ ನಡುವಿನ ಬಂಡೆಗೆ ಹಾರಿದರು. ಒಂದು ಬೂಟು ನೀರಿನಲ್ಲಿ, ಒಂದು ಬಂಡೆಯ ಮೇಲೆ, ಕೋರ್ಟಿನಲ್ಲಿ ನಿಂತವರಂತೆ ಕೋಟಿನ ಅಂಚು ಹಿಡಿದುಕೊಂಡರು. ಅವರ ತಲೆಯಲ್ಲಿದ್ದದ್ದು ಒಂದೇ: ಸಂಜೆಯೊಳಗೆ ಮನೆ ಟಾಲ್‌ಬಿಗೆ ಸೇರಬೇಕು, ಶನಿವಾರ ಮದುವೆಯಾಗಬೇಕು.

"ಹಾಡ್‌ಲಿ, ಕೊಡೋ ತಗೊಳೋ ಮಾತಾಡೋಣ. ನನ್ನ ಮನೆ, ಹಿತ್ತಲು, ತೊರೆವರೆಗೂ ಟಾಲ್‌ಬಿಗೆ ಬಿಡಿ. ಬದಲಿಗೆ ಬೀದಿಯ ಆ ತುದೀಲಿ, ನಿಮ್ಮ ಹೊಲಕ್ಕೆ ತಾಗಿರೋ ಬಾತುಹಿತ್ತಲು ನೀವು ತಗೊಳ್ಳಿ."

ಆಚೆ ದಡದಲ್ಲಿ ಎತ್ತಿದ ಕೆಸರಿನ ಹೆಂಟೆಗಳು ಕೆಳಗಿಳಿದವು. ಹಾಡ್‌ಲಿ ಕಣ್ಣು ಕಿರಿದು ಮಾಡಿದ. "ಬಾತುಹಿತ್ತಲು? ಪೂರ್ತಿನಾ?"

"ಪೂರ್ತಿ. ಒಂದು ಹುಲ್ಲುಕಡ್ಡಿ ಬಿಡದೆ."

"ಅಲ್ರೀ ಪೆನ್‌ಫೋಲ್ಡ್," ಎಂದ ಸ್ಕ್ರಿವೆನ್ ಕನ್ನಡಕ ಒರೆಸುತ್ತ, "ಬಾತುಹಿತ್ತಲು ಅಂದ್ರೆ—"

"ಬಾತುಹಿತ್ತಲು ಅಂದ್ರೇನು ಅಂತ ನನಗೆ ನೀವು ಹೇಳಿಕೊಡ್ತೀರಾ, ಸ್ಕ್ರಿವೆನ್?"

ಸ್ಕ್ರಿವೆನ್ ಮತ್ತೆ ಕನ್ನಡಕ ಒರೆಸತೊಡಗಿದ. ಹಾಡ್‌ಲಿ ನೀರಿಗಿಳಿದು ಬಂದು, ವಕೀಲರ ಕೈಯನ್ನು ಪಂಪಿನ ಹಿಡಿಯಂತೆ ಮೇಲೆ ಕೆಳಗೆ ಕುಲುಕಿದ. ಅಷ್ಟು ಬೇಗ ಕ್ರಾಕ್ಸ್‌ಡನ್ನಿನವನೊಬ್ಬ ಏನನ್ನಾದರೂ ಒಪ್ಪಿದ್ದುಂಟೇ ಎಂದು ಬೇರೆ ದಿನವಾಗಿದ್ದರೆ ಪೆನ್‌ಫೋಲ್ಡರು ಯೋಚಿಸುತ್ತಿದ್ದರು.

"ಹೀಗೆ ಎಲ್ಲೆ ಬದಲಾಯಿಸಬಹುದೇನ್ರೀ?" ಎಂದರು ನೀರಿನಲ್ಲಿದ್ದ ಪಾದ್ರಿಗಳು.

"ಬದಲಾಯಿಸ್ತಿರೋದು ಯಾರು?" ವಕೀಲರಿಗೆ ಹುರುಪು ಬಂದಿತ್ತು. "ಎಲ್ಲೆ ಇಲ್ಲಿ ಮಸುಕಾಗಿತ್ತು, ನಾವು ಒರೆಸಿ ತೋರಿಸ್ತಿದೀವಿ. ಎರಡು ಸೀಮೆಯೋರೂ ಸೇರಿ ಬಡಿದ್ಮೇಲೆ ಅದು ಇವತ್ತಿಂದ ಶುರುವಾದ ಎಲ್ಲೆ ಅಲ್ಲ. ಯಾವತ್ತೂ ಇದ್ದ ಎಲ್ಲೆ! ಎಲ್ರೂ ಹೇಳಿ, ಯಾವತ್ತೂ ಹೀಗೇ ಇತ್ತು!"

"ಯಾವತ್ತೂ ಹೀಗೇ ಇತ್ತು!" ಎಂದು ಎರಡು ದಡಗಳೂ ಕೂಗಿದವು. ಕೋಲುಗಳು ಒಟ್ಟಿಗೆ ನೀರಿಗೆ ಬಿದ್ದವು. ಪಾದ್ರಿಗಳಿಗೆ ಉಳಿದಿದ್ದ ಒಣ ಭಾಗವೂ ನೆನೆಯಿತು.

ಆಮೇಲೆ ಎರಡೂ ಊರು ಒಂದೇ ಮೆರವಣಿಗೆಯಾಗಿ ಬಾತುಹಿತ್ತಲಿನತ್ತ ನಡೆದವು, ಅಲ್ಲಿಯ ಎಲ್ಲೆಯನ್ನೂ ಬಡಿದು ಮುಗಿಸಲು. ಪೆನ್‌ಫೋಲ್ಡರಿಗೆ ಕಾಲು ನೆಲದ ಮೇಲಿರಲಿಲ್ಲ. ಬೀದಿಯ ನೀರಿನ ಪಂಪಿನ ಬಳಿಯ ಮೂರುಮೂಲೆಯ ತುರಿಕೆಗಿಡದ ತುಣುಕನ್ನು ಕೋಲಿನಿಂದ ತೋರಿಸಿ, "ಇಗೋ, ನಿಮ್ಮ ಬಾತುಹಿತ್ತಲು," ಎಂದರು.

ಹಾಡ್‌ಲಿ ನಿಲ್ಲಲಿಲ್ಲ. ತುರಿಕೆಗಿಡ ದಾಟಿ ಮುಂದೆ ಹೋದ. ಸಾಲುಮನೆಗಳ ಮೊದಲನೆಯದರ ಗೋಡೆಗೆ ಬಡಿದ. ಎರಡನೆಯದಕ್ಕೆ ಬಡಿದ. ಗುಲಾಬಿ ಬಳ್ಳಿ ಹಬ್ಬಿಸಿದ ಕೊನೆಯ ಮನೆಯ ಗೋಡೆಗಂತೂ ಮನಸಾರೆ ಬಡಿದ.

ಆ ಮನೆಯ ಗೇಟಿನಲ್ಲಿ, ನಡೆದು ದಣಿದವರಿಗೆಂದು ಬಿಯರಿನ ಜಾಡಿಯನ್ನೂ ಕೇಕಿನ ತಟ್ಟೆಯನ್ನೂ ಇಟ್ಟುಕೊಂಡು ಹೆಸ್ಟರ್ ಆಪಲ್‌ಗಾರ್ತ್ ನಿಂತಿದ್ದರು.

"ಆಂಬ್ರೋಸ್," ಎಂದರು ಅವರು, "ನನ್ನ ಗೋಡೆಗ್ಯಾಕೆ ಹೊಡೀತಿದಾರೆ?"

"ಹಾಡ್‌ಲಿ! ನಿಲ್ಲಯ್ಯಾ! ಇದು ಬಾತುಹಿತ್ತಲಲ್ಲ! ಇದು ಸಂತ ಬ್ರಿಡಳ ಓಣಿ!"

"ಹಾಗಂತ ಯಾರಂತಾರೆ?" ಎಂದ ಹಾಡ್‌ಲಿ.

ಪೆನ್‌ಫೋಲ್ಡರು ಸುತ್ತ ನೋಡಿದರು. ಟಾಲ್‌ಬಿ ತನ್ನ ಬೂಟುಗಳನ್ನು ನೋಡಿಕೊಳ್ಳುತ್ತಿತ್ತು.

"ನಾನಂತೀನಿ," ಎಂದರು ಅವರು. "ಮೊದಲಿಂದ್ಲೂ ಇದಕ್ಕೆ ಅದೇ ಹೆಸರು. ಬಾತುಹಿತ್ತಲು ಅಂದ್ರೆ ಹಳೇ ಕಾಲದಲ್ಲಿ ಬಾತು ಬಿಡ್ತಿದ್ದ ಆ ಒಂದು ತುಣುಕು ಮಾತ್ರ."

"ನೀವೊಬ್ರೇ ಅಂತೀರಿ," ಎಂದ ಸ್ಕ್ರಿವೆನ್. "ಉಳಿದೋರಿಗೆಲ್ಲ ಪಂಪಿಂದ ಈ ಗೇಟ್‌ವರ್ಗೂ ಬಾತುಹಿತ್ತಲೇ. ಹೇಳೋಕೆ ಬಂದೆ. ಬಾಯಿ ಮುಚ್ಚಿಸಿದ್ರಿ."

ಹೆಸ್ಟರ್ ಜಾಡಿ ಕೆಳಗಿಟ್ಟರು. "ಅಂದ್ರೆ ನಾನೀಗ ಕ್ರಾಕ್ಸ್‌ಡನ್ನಿನೋಳಾ?"

ಪೆನ್‌ಫೋಲ್ಡರು ಬೆರಳು ಮಡಿಚಿ ಲೆಕ್ಕ ಹಾಕಿದರು. ಬೆಳಿಗ್ಗೆ ತಾವು ಆಚೆ, ಆಕೆ ಈಚೆ. ಈಗ ತಾವು ಈಚೆ, ಆಕೆ ಆಚೆ. ಹೇಗೆ ನೋಡಿದರೂ ಎರಡು ಚರ್ಚು ಬೇಕು, ಮೂರು ಭಾನುವಾರ ಬೇಕು. ಅವರು ಟೋಪಿ ತೆಗೆದು, ಎರಡೂ ಊರುಗಳ ಎದುರಿಗೆ, ಎಲ್ಲವನ್ನೂ ಹೇಳಿಬಿಟ್ಟರು. ಪೊದೆ, ಕಲ್ಲು, ಬಾನಿ, ಚೀಸ್, ಎಲ್ಲ. "ಹಳೇ ಕಲ್ಲು ಮತ್ತೆ ಮಧ್ಯೆ ಬಂತು, ಹೆಸ್ಟರ್. ಸ್ಕಾರ್‌ಬರೋ ರೈಲಿಗೆ ನಾನೇ ಬಂದು ಹತ್ತಿಸ್ತೀನಿ," ಎಂದು ಮುಗಿಸಿದರು.

ಹೆಸ್ಟರ್ ಕೇಕಿನ ಒಂದು ತುಂಡು ಕತ್ತರಿಸಿ ಹಾಡ್‌ಲಿಯ ಕೈಗಿಟ್ಟರು. ಆಮೇಲೆ, "ಆ ಕಲ್ಲು ನನಗೆ ಏಪ್ರಿಲ್‌ನಿಂದ್ಲೇ ಗೊತ್ತು," ಎಂದರು.

"ಏನು?"

"ನೀವು ಗೇಟಲ್ಲಿ ನಿಂತು ರೋಮನ್ನರ ಚರಂಡಿ ಬಗ್ಗೆ ಹೇಳ್ತಾ ಇದ್ರಲ್ಲ, ಆವತ್ತು ನನ್ನ ಕೈಗವಸು ಪೊದೆಯೊಳಗೆ ಬಿತ್ತು. ತೆಗೆಯೋಕೆ ಬಗ್ಗಿದೆ. ಕಲ್ಲಿತ್ತು. ಕೈಗವಸು ತಗೊಂಡು ಎದ್ದೆ. ನೀವಿನ್ನೂ ಚರಂಡಿಯಲ್ಲೇ ಇದ್ರಿ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮದುವೆ ಬಿಟ್ಟು ಅದರ ಮೇಲೆ ಪ್ರಬಂಧ ಬರೀತಾ ಕೂರ್ತಿದ್ರಿ. ಅದಕ್ಕೇ ನಾನೇ ಕ್ರಾಕ್ಸ್‌ಡನ್ ಪಾದ್ರಿ ಹತ್ರ ಹೋಗಿ ಅಲ್ಲೂ ಮೂರು ಭಾನುವಾರ ಹೆಸರು ಕೂಗಿಸಿದೆ."

"ನಾನೇ ಕೇಳಿದೀನಲ್ಲ," ಎಂದ ಹಾಡ್‌ಲಿ, ಬಾಯಿತುಂಬ ಕೇಕು. "'ಈ ಸೀಮೆಯ ಆಂಬ್ರೋಸ್ ಪೆನ್‌ಫೋಲ್ಡ್, ಟಾಲ್‌ಬಿ ಸೀಮೆಯ ಹೆಸ್ಟರ್ ಆಪಲ್‌ಗಾರ್ತ್' ಅಂತ. ಮತ್ತೆ ನಿಮ್ಮ ಮನೆ ನಮ್ದು ಅಂತ ಅಷ್ಟು ಧೈರ್ಯವಾಗಿ ಹೇಳಿದ್ದು ಹೇಗೆ ಅಂದ್ಕೊಂಡ್ರಿ?"

ಪೆನ್‌ಫೋಲ್ಡರ ಮುಖ ಅರಳಿತು. ಎಲ್ಲ ಮೊದಲೇ ಸರಿಯಾಗಿತ್ತು! ಎರಡು ಕಡೆಯೂ ಕೂಗಿಯಾಗಿದೆ! "ಹಾಗಾದ್ರೆ ಶನಿವಾರ—"

ಪಾದ್ರಿ ವೆದರ್‌ಹೆಡ್ಡರು ಕೆಮ್ಮಿದರು. ತೋಳಿನಿಂದ ನೀರು ಹಿಂಡಿಕೊಳ್ಳುತ್ತ, "ಒಂದ್ನಿಮಿಷ," ಎಂದರು. "ಕ್ರಾಕ್ಸ್‌ಡನ್ನಿನಲ್ಲಿ ನಿಮ್ಮನ್ನ 'ಈ ಸೀಮೆಯವರು' ಅಂದಿದಾರೆ. ನೀವು ಆ ಸೀಮೆಯವರಲ್ಲ. ನಾನು ಹೆಸ್ಟರ್‌ನ 'ಈ ಸೀಮೆಯವಳು' ಅಂದೆ. ಆಕೆ ಈ ಸೀಮೆಯವಳಲ್ಲ. ಎರಡು ಕಡೆಯೂ ತಪ್ಪು ಕೂಗಿದೀವಿ."

"ಕೂಗಿದಾಗ ಸರಿಯಾಗಿತ್ತಲ್ಲ! ಬದಲಾಗಿದ್ದು ಈಗ ತಾನೇ!"

"ಇವತ್ತಿಂದ ಶುರುವಾದ ಎಲ್ಲೆ ಅಲ್ಲ ಅಂತ ನೀವೇ ಅಂದ್ರಿ, ಪೆನ್‌ಫೋಲ್ಡ್. ನಾನು ನೀರಲ್ಲಿ ನಿಂತು ಕೇಳಿದೀನಿ. ಯಾವತ್ತೂ ಹೀಗೇ ಇತ್ತು."

ಮತ್ತೆ ಕೂಗುವ ಸರದಿ ಬಂತೆಂದುಕೊಂಡು ಎರಡೂ ಊರುಗಳು, "ಯಾವತ್ತೂ ಹೀಗೇ ಇತ್ತು!" ಎಂದು ಕೋಲೆತ್ತಿ ಕೂಗಿದವು.

ಬೆಳಿಗ್ಗೆ ಮೊಟ್ಟೆ ತಿಂದು, ಬಾನಿ ಕವುಚದೆ, ಕಲ್ಲನ್ನು ಎಲ್ಲರಿಗೂ ತೋರಿಸಿ ಸುಮ್ಮನೆ ಮನೆಗೆ ಹೋಗಿದ್ದರೆ ಶನಿವಾರ ಮದುವೆಯಾಗುತ್ತಿತ್ತು. ಪೆನ್‌ಫೋಲ್ಡರು ಇಡೀ ದಿನ ಓಡಾಡಿ, ತಳ್ಳಿ, ನೆನೆದು, ವಾದಿಸಿ, ಅದನ್ನು ತಾವೇ ತಪ್ಪಿಸಿಕೊಂಡಿದ್ದರು.

"ಮೂರು ಭಾನುವಾರ," ಎಂದರು ಪಾದ್ರಿಗಳು ಮೆತ್ತಗೆ. "ಹೊಸದಾಗಿ. ಎರಡು ಕಡೆ. ಆಮೇಲೆ ಬರೋ ಶನಿವಾರ ಮದುವೆ."

"ಆ ಶನಿವಾರವಾ?" ಎಂದ ಸ್ಕ್ರಿವೆನ್. ಅವನ ದನಿಯಲ್ಲಿ ಮರುಕವೂ ಇತ್ತು, ಸಂತೋಷವೂ ಇತ್ತು. "ಆವತ್ತು ನಮ್ಮ ಸಂಘದ ಪ್ರವಾಸ ಅಲ್ವೇನ್ರೀ? ಜಿಲ್ಲೆಯವರೆಲ್ಲ ಬರ್ತಿದಾರೆ. ರೋಮನ್ ಚರಂಡಿ ಮೇಲೆ ನಿಂತು ನೀವು ಪ್ರಬಂಧ ಓದೋದು ಆವತ್ತೇ."

ಪೆನ್‌ಫೋಲ್ಡರು ಬಾಯಿ ತೆರೆದರು. ಹೆಸ್ಟರ್ ಕೇಕು ಕತ್ತರಿಸುತ್ತಿದ್ದರು. ಚಾಕು ಅರ್ಧಕ್ಕೆ ನಿಂತಿತು.

"ಸ್ಕ್ರಿವೆನ್," ಎಂದರು ವಕೀಲರು, "ಆ ಪ್ರಬಂಧ ನೀವೇ ಓದಿ."

ಸ್ಕ್ರಿವೆನ್ ಟೋಪಿ ತೆಗೆದ. ಪೆನ್‌ಫೋಲ್ಡರ ಮುಂದೆ ಅವನು ಟೋಪಿ ತೆಗೆದದ್ದನ್ನು ಟಾಲ್‌ಬಿ ಅದುವರೆಗೂ ಕಂಡಿರಲಿಲ್ಲ.

ಚಾಕು ಕೆಳಗಿಳಿಯಿತು. ಎಲ್ಲಕ್ಕಿಂತ ದೊಡ್ಡ ತುಂಡು ವಕೀಲರ ಕೈಗೆ ಬಂತು.

"ಹೆಸ್ಟರ್, ಸ್ಕಾರ್‌ಬರೋ...?"

"ಅಕ್ಕ ಮದುವೆಗೆ ಅಂತ ಇಲ್ಲಿಗೇ ಬರ್ತಿದಾಳೆ. ಸ್ವಲ್ಪ ತಡವಾಗಿ ಬಾ ಅಂತ ಹೇಳಿ ಕಳಿಸ್ತೀನಿ." ಹೆಸ್ಟರ್ ತಮ್ಮ ಏಪ್ರನ್ನಿನ ತುದಿಯಿಂದ ಅವರ ಹಣೆಯ ಕೆಸರು ಒರೆಸಿದರು. "ಹನ್ನೊಂದು ವರ್ಷ ನೀವು ಮಾಡಿದ ಹುಚ್ಚಾಟ ಎಲ್ಲಾ ಮದುವೆ ತಡ ಮಾಡೋಕೆ, ಆಂಬ್ರೋಸ್. ಬೇಗ ಮಾಡ್ಕೊಳ್ಳೋಕೆ ಅಂತ ಮಾಡಿದ್ದು ಇದೊಂದೇ. ಒಳಗೆ ಬನ್ನಿ, ಆ ಬೂಟು ಒಣಗಿಸಬೇಕು."

ಪೆನ್‌ಫೋಲ್ಡರು ಗೇಟಿನವರೆಗೆ ಬಂದು ಒಂದು ಕಾಲು ಎತ್ತಿದವರು ಹಾಗೇ ನಿಂತರು. ಗೋಡೆಯ ಮೇಲೆ ಹಾಡ್‌ಲಿಯ ಕೋಲಿನ ಬಿಳಿ ಗುರುತು ಇನ್ನೂ ಹಸಿಯಾಗಿತ್ತು.

"ಇದು ಕ್ರಾಕ್ಸ್‌ಡನ್," ಎಂದರು ಅವರು.

"ಹೌದು," ಎಂದರು ಹೆಸ್ಟರ್. "ಪರದೇಶಕ್ಕೆ ಬರ್ತಿದೀರಿ. ಕಾಲು ಒರೆಸ್ಕೊಂಡು ಬನ್ನಿ."